ಕಂಬದ ಮೆಟ್ಟಿಲಿಗೆ ಹಚ್ಚಿದ ಎಣ್ಣೆ

"ಮೇಷ್ಟ್ರೇ, ಬೇಗ ಆಗ್ಲಿ. ಸಂಜೆ ರೈಲಿಗೆ ನಾನು ಮಾಲೂರಿಗೆ ಹೋಗ್ಬೇಕು," ಎಂದು ಪೊಲೀಸ್ ಪೇದೆ ಮುನಿಕೃಷ್ಣಪ್ಪ ಕೆಳಗಿನಿಂದ ಕೂಗಿದ. ವೆಂಕಟರಾಯಪ್ಪ ಮೇಷ್ಟರು ಅಷ್ಟರಲ್ಲಿ ಕಂಬದ ಆರನೆಯ ಮೆಟ್ಟಿಲು ಹತ್ತಿದ್ದರು. ಹತ್ತನೆಯದರಿಂದ ಮೂರು ಮೆಟ್ಟಿಲಿಗೆ ಹರಳೆಣ್ಣೆ ಮೆತ್ತಿದೆ ಎಂಬುದು ಅಂಗಳದಲ್ಲಿ ನಿಂತಿದ್ದ ಅವರ ಹೆಂಡತಿ ಶಾಮಲಮ್ಮನಿಗೆ ಮಾತ್ರ ಗೊತ್ತಿತ್ತು.

ಟೇಕಲ್ಲಿನ ಈ ಮೇಷ್ಟರಿಗೆ ರೇಡಿಯೋ ಹುಚ್ಚು. ತಾವೇ ಜೋಡಿಸಿದ ಯಂತ್ರದಲ್ಲಿ ಸಿಲೋನಿನ ಯಾರೋ ಒಬ್ಬನೊಡನೆ ತಂತಿ ಕಚೇರಿಯವರಂತೆ ಟಕಟಕ ಸದ್ದಿನಲ್ಲೇ ಹರಟುತ್ತಿದ್ದರು. ಅದರ ತಂತಿಗೆಂದು ಮಾಳಿಗೆಗೆ ಒತ್ತಿಕೊಂಡಂತೆ ನಲವತ್ತಡಿಯ ಸರ್ವೆ ಮರದ ಕಂಬ ನೆಟ್ಟಿದ್ದರು. ಹಳೆಯ ಬಂಡಿಚಕ್ರದ ಪಟ್ಟಿ ಕಡಿಸಿ, ಬಗ್ಗಿಸಿ, ಮೆಟ್ಟಿಲನ್ನೂ ತಾವೇ ಬಡಿದಿದ್ದರು. ಯುದ್ಧ ಶುರುವಾದದ್ದೇ ತಡ, ಯಂತ್ರ ಒಪ್ಪಿಸಿ ತಂತಿ ಇಳಿಸಬೇಕೆಂದು ಸರ್ಕಾರದ ಹುಕುಂ ಬಂತು; ಇವತ್ತೇ ಕೊನೆಯ ದಿನ.

ನಿನ್ನೆ ಆಯುಧಪೂಜೆ. ಕುಡುಗೋಲು, ಈಳಿಗೆಮಣೆಗಳಿಗೆ ಎಣ್ಣೆ ಸವರಿದ ಶಾಮಲಮ್ಮ, ಕಬ್ಬಿಣವೆಂದಮೇಲೆ ಇದಕ್ಕೂ ಇರಲೆಂದು ಮಾಳಿಗೆಯಿಂದ ಕೈಗೆಟುಕಿದ ಮೆಟ್ಟಿಲುಗಳಿಗೂ ಕದ್ದು ಸವರಿದ್ದಳು. ಕದ್ದು ಯಾಕೆಂದರೆ, "ಇದೇನು ನೇಗಿಲೇನೇ, ಪೂಜೆ ಮಾಡಕ್ಕೆ?" ಎಂದು ಗಂಡ ಮೊದಲೇ ನಕ್ಕಿದ್ದರು. ಈಗ ಪೇದೆಯ ಮುಂದೆ ಹೇಳುವುದು ಹೇಗೆ? ಹಾಳು ನಾಚಿಕೆ! ಕಂಡೇ ಕಾಣುತ್ತದೆ ಬಿಡು ಎಂದುಕೊಂಡಳು. ಆದರೆ ಬಿದ್ದೀತೆಂದು ಮೇಷ್ಟರು ಕನ್ನಡಕ ಕೆಳಗೇ ಬಿಟ್ಟಿದ್ದರು. ಕಂಬ ತಬ್ಬಿ ಹತ್ತುವವರ ಕೈಗೂ ಎಣ್ಣೆ ತಾಗುವಂತಿರಲಿಲ್ಲ.

ಸೊಂಟದ ಹಗ್ಗವನ್ನು ಪ್ರತಿ ಮೆಟ್ಟಿಲಿಗೂ ಬಿಚ್ಚಿ ಮೇಲೆ ಸಿಕ್ಕಿಸಬೇಕು. ಏಳು. ಎಂಟು. ಒಂಬತ್ತರಲ್ಲಿ ನಿಂತು ಬಿಚ್ಚಿದರು.

"ಏನೂಂದ್ರೆ! ಕಾಲಿಡಬ್ಯಾಡ್ರೀ! ಎಣ್ಣೆ ಐತೆ!"

ಕಾಲು ಆಗಲೇ ಇಟ್ಟಾಗಿತ್ತು. ಜಾರಿತು. ಮೇಷ್ಟರು ಕಂಬ ತಬ್ಬಿ ನೇತಾಡಿದರು. ಅವರ ಕಾಲು ಗಾಳಿಯಲ್ಲಿ ತಡಕಾಡಿ, ಕೊನೆಗೂ ಒಂಬತ್ತನೆಯ ಮೆಟ್ಟಿಲಿಗೆ ಸಿಕ್ಕಿತು.

"ಇಳೀರಿ ಸ್ವಾಮಿ, ಇಳೀರಿ!" ಪೇದೆ ಕಂಬದ ಬುಡಕ್ಕೇ ಓಡಿಬಂದ.

ಇಳಿದವರು ಜಗಲಿಯ ಮೇಲೆ ಕುಕ್ಕರಿಸಿದರು. ಮೊಣಕೈ ಸಿಪ್ಪೆ ಎದ್ದಿತ್ತು. "ಯಾಕ್ ಹಚ್ಚಿದ್ಯೇ?" ಎಂದರು.

"ನಿಮಗೇನೂ ಆಗ್ದಿರ್ಲಿ ಅಂತ," ಎಂದು ಶಾಮಲಮ್ಮ ಅತ್ತೇಬಿಟ್ಟಳು.

ಮೇಷ್ಟರು ಬಯ್ಯಲಿಲ್ಲ. "ಒಲೆ ಬೂದಿ ತಗೊಂಡ್ ಹೋಗಿ ಚೆನ್ನಾಗ್ ಉಜ್ಜು. ಇವತ್ತೇ ಇಳಿಸ್ಬೇಕು ಕಣೇ, ಇಲ್ದಿದ್ರೆ ಈ ಪೇದೆಯವರ ಕೆಲ್ಸಕ್ಕೆ ಕುತ್ತು," ಎಂದರು.

ಶಾಮಲಮ್ಮ ಬೂದಿ, ಚಿಂದಿ ಹಿಡಿದು ಮಾಳಿಗೆ ಹತ್ತಿದಳು. ಮೂರು ಮೆಟ್ಟಿಲನ್ನೂ ಉಜ್ಜಿದಳು, ಒರೆಸಿದಳು, ಮತ್ತೆ ಉಜ್ಜಿದಳು. ಕಬ್ಬಿಣ ಬಿಳಿಚಿಕೊಂಡಿತು.

"ಆಯ್ತೇನೇ?" ಮೇಷ್ಟರು ಆಗಲೇ ಕಂಬದ ಬುಡದಲ್ಲಿ ಹಗ್ಗ ಸುತ್ತಿಕೊಳ್ಳುತ್ತಿದ್ದರು.

ಅವಳು ಅಂಗೈ ಒತ್ತಿ ಎಳೆದು ನೋಡಿದಳು. ಜಾರಲಿಲ್ಲ. ಇನ್ನೊಂದರ ಮೇಲೂ ಜಾರಲಿಲ್ಲ.

"ಆಯ್ತೇನೇ, ಶಾಮಲಾ?"

"ಇನ್ನೊಂದ್ ಸಲ ಒರೆಸ್ತೀನ್ರೀ," ಎಂದಳು. ಚಿಂದಿ ಕೆಳಗಿಟ್ಟು, ಸೆರಗು ಹಿಡಿದು, ಹತ್ತನೆಯ ಮೆಟ್ಟಿಲನ್ನು ಮತ್ತೆ ಒರೆಸತೊಡಗಿದಳು.