ಕತ್ತರಿಸಿ ನೋಡಿದ ಮೇಲೇ ದುಡ್ಡು

ಕತ್ತರಿ ಮಾಡುವ ಅಪ್ಪನ ಅಂಗಡಿಯಲ್ಲಿ ಒಂದೇ ಕಟ್ಟುಪಾಡು. ಕೊಳ್ಳುವವರು ಮೊದಲು ಅವನ ಕಣ್ಣೆದುರು ಬಟ್ಟೆಯ ಚೂರೊಂದನ್ನು ಕತ್ತರಿಸಬೇಕು; ದುಡ್ಡು ಆಮೇಲೆ. ಕೈ ಎಲ್ಲಿಯಾದರೂ ತೊಡರಿದರೆ ಕತ್ತರಿಯನ್ನು ವಾಪಸು ಇಸಿದುಕೊಂಡು, ಕಲ್ಲಿಗೆ ಉಜ್ಜಿ ಮತ್ತೆ ಕೊಡುತ್ತಿದ್ದ.

ಮಗಳು ಗುಬ್ಬಿ ಎಡಚಿ. ಅವಳಿಗೆಂದೇ ಅವನು ಎಡಗೈ ಕತ್ತರಿ ಮಾಡಲು ಕಲಿತದ್ದು. ಊರಿನಲ್ಲಿದ್ದ ಬೆರಳೆಣಿಕೆಯ ಎಡಚರೆಲ್ಲ ಕೊಂಡಾಗಿತ್ತು. ಅಪ್ಪನ ಕತ್ತರಿ ಬೇಗ ಸವೆಯುವಂಥದ್ದೂ ಅಲ್ಲ. ಉಳಿದವು ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು.

"ಇವನ್ನ ಕರಗಿಸಿಬಿಡ್ತೀನಿ. ಇನ್ಮೇಲೆ ಬಲಗೈದು ಮಾತ್ರ" ಎಂದ ಅಪ್ಪ.

ಗಿರಾಕಿ ಬಂದರೆ ಒಳಗೆ ಓಡುತ್ತಿದ್ದ ಗುಬ್ಬಿ ಅಂದು ಬಾಯಿ ಬಿಟ್ಟಳು. "ಆನ್‌ಲೈನಲ್ಲಿ ಅಂಗಡಿ ಇಡೋಣ ಅಪ್ಪ. ಎಡಚರು ಬೇರೆ ಊರಲ್ಲೂ ಇರ್ತಾರೆ."

"ಮನೆಗೆ ಬಂದೋರಿಗೆ ಕೂತ್ಕೊಳ್ಳಿ ಅನ್ನೋಕೆ ನಾಲಿಗೆ ಏಳಲ್ಲ, ಲೋಕಕ್ಕೇ ಅಂಗಡಿ ಇಡ್ತಾಳಂತೆ!" ಎಂದು ನಕ್ಕಳು ಅತ್ತೆ, ಅಪ್ಪನ ಅಕ್ಕ. ನಕ್ಕವಳೇ ತನ್ನ ಬಿಳಿ ಚಾದರ ಹಾಸಿಕೊಟ್ಟಳು. ಗುಬ್ಬಿ ಅದರ ಮೇಲೆ ಕತ್ತರಿಗಳನ್ನಿಟ್ಟು ಫೋಟೋ ತೆಗೆದಳು. ಬೆಲೆ, ಅಳತೆ ಬರೆದಳು. ಹಣ ತಲುಪಿಸುವ ಕಂಪನಿಗೆ ಅಪ್ಪನ ಬ್ಯಾಂಕ್ ಖಾತೆಯ ವಿವರ ಕೊಟ್ಟಳು.

"ಕೊಳ್ಳೋರ ಕಾರ್ಡ್ ನಂಬರು ಒಂದು ಚೀಟೀಲಿ ಬರ್ಕೊಂಡಿರು" ಎಂದಳು ಅತ್ತೆ.

"ಅದು ನಮಗೆ ಕಾಣೋದೇ ಇಲ್ಲ ಅತ್ತೆ. ನಂಬರು ಒತ್ತೋ ಪುಟ ಆ ಕಂಪನೀದು."

"ಅಂದ್ರೆ ನಮ್ಮ ಗಲ್ಲಾಪೆಟ್ಟಿಗೆಗೆ ನಾವೇ ಹೊರಗಿನೋರಾ?"

"ಹೂಂ. ಅದಕ್ಕೇ ಭದ್ರ."

ಅತ್ತೆ ಮೂಗಿನ ಮೇಲೆ ಬೆರಳಿಟ್ಟಳು. ಅಪ್ಪ ಮಾತ್ರ ಅಡ್ಡಡ್ಡ ತಲೆಯಾಡಿಸಿದ. "ಕತ್ತರಿಸಿ ನೋಡದೇನೇ ದುಡ್ಡಾ? ಆಗಲ್ಲ. ತೆಗೆದುಹಾಕು."

ಗುಬ್ಬಿ ಮೂಲೆ ಹಿಡಿದು ಕೂತು, ಆ ಕಂಪನಿಯ ಪುಟದ ಸಾಲು ಸಾಲನ್ನೂ ಓದಿದಳು. ಕೊನೆಗೊಂದು ಸಿಕ್ಕಿತು: ಹಣವನ್ನು ಕಾದಿರಿಸಿ, ನಂತರ ಪಡೆಯಿರಿ.

"ಅಪ್ಪ, ಕೊಳ್ಳೋರ ಬ್ಯಾಂಕು ದುಡ್ಡನ್ನ ಪಕ್ಕಕ್ಕೆ ಇಡುತ್ತೆ. ನಾವು ಒತ್ತಿದ್ರೆ ಮಾತ್ರ ಬರುತ್ತೆ. ಒಂದು ವಾರ ಒತ್ತದಿದ್ರೆ ಅವರಿಗೇ ವಾಪಸ್ ಹೋಗುತ್ತೆ."

"ಅಲ್ಲೀವರೆಗೂ?"

"ಯಾರೂ ಮುಟ್ಟೋ ಹಾಗಿಲ್ಲ. ಕಾಯ್ತಾ ಇರುತ್ತೆ."

ಅಪ್ಪನ ಕೈಯಲ್ಲಿದ್ದ ಅರ ನಿಂತಿತು. ದುಡ್ಡಿಗಾಗಿ ಕಾಯುವ ಜನರನ್ನು ಅವನು ಬೇಕಾದಷ್ಟು ಕಂಡಿದ್ದ. ಜನರಿಗಾಗಿ ಕಾಯುವ ದುಡ್ಡನ್ನು ಕೇಳಿಯೂ ಇರಲಿಲ್ಲ. "ಒಂದು ಕತ್ತರಿ ಕಳಿಸಿ ನೋಡೋಣ" ಎಂದ.

ಹೆಸರೇ ಕೇಳದ ಊರಿನಿಂದ ಒಂದು ಬೇಡಿಕೆ ಬಂತು. ಕತ್ತರಿಯ ಜೊತೆ ಗುಬ್ಬಿ ಎರಡು ಸಾಲು ಬರೆದಿಟ್ಟಳು: ಬಟ್ಟೆ ಕತ್ತರಿಸಿ ವಿಡಿಯೋ ಕಳಿಸಿ, ಆಮೇಲೆ ಹಣ ತೆಗೆದುಕೊಳ್ಳುತ್ತೇವೆ.

ವಾರ ಮುಗಿಯುವ ದಿನ ವಿಡಿಯೋ ಬಂತು. ಮುಖವಿಲ್ಲ, ಒಂದು ಎಡಗೈ ಅಷ್ಟೇ. ಉಬ್ಬಿದ ನರಗಳ, ವಯಸ್ಸಾದ ಹೆಂಗಸಿನ ಕೈ. ಬಟ್ಟೆ ಸೀಳಿತು. ಹಣ ಪಡೆಯುವ ಗುಂಡಿ ಒತ್ತಲು ಗುಬ್ಬಿ ಬೆರಳು ಚಾಚಿದಳು.

"ತಡಿ!" ಎಂದ ಅಪ್ಪ. "ಹೆಬ್ಬೆರಳು ಬೆಳ್ಳಗಾಗ್ತಿದೆ ನೋಡು. ತಿರುಪು ಬಿಗಿಯಾಯ್ತು. ಒಂಚೂರು ಸಡಿಲ ಮಾಡ್ಕೊಳ್ಳೋಕೆ ಹೇಳು."

"ಸಂಜೆಗೆ ಗಡುವು ಮುಗಿಯುತ್ತಪ್ಪ. ಕತ್ತರೀನೂ ಹೋಗುತ್ತೆ, ದುಡ್ಡೂ ಹೋಗುತ್ತೆ."

"ಹೋಗ್ಲಿ."

ಗುಬ್ಬಿ ಬರೆದು ಕಳಿಸಿದಳು. ಉತ್ತರವಿಲ್ಲ. ಬಿಸಿಲು ಗೋಡೆಯಿಂದ ಇಳಿಯಿತು. ಅತ್ತೆ ಒಳಗೂ ಹೊರಗೂ ಓಡಾಡಿ, "ಹೆತ್ತೋಳಿಗೂ ಇಷ್ಟು ಸಂಕಟ ಇರಲ್ಲ" ಎಂದು ಗೊಣಗಿದಳು.

ಮೊಬೈಲು ಗುಂಯ್ ಎಂದಿತು. ಅದೇ ಕೈ. ಈ ಸಲ ಬಟ್ಟೆ ನೀರಿನಂತೆ ಬಿಚ್ಚಿಕೊಂಡಿತು. ಕತ್ತರಿ ಬಟ್ಟೆಯ ಅಂಚು ದಾಟಿದ ಮೇಲೂ ಗಾಳಿಯಲ್ಲಿ ಎರಡು ಸಲ ಆಡಿತು, ನಂಬಿಕೆ ಬಾರದವರ ಹಾಗೆ. ಆಮೇಲೆ ಒಂದು ದನಿ: "ಇಷ್ಟು ವರ್ಷ ನನ್ನ ಕೈಯೇ ಸರಿಯಿಲ್ಲ ಅಂದ್ಕೊಂಡಿದ್ದೆ."

ಅಪ್ಪ ಎದ್ದುಹೋಗಿ ಸೋಪು ಹಾಕಿ ಕೈ ತೊಳೆದು ಬಂದ. "ಎಲ್ಲಿ ಒತ್ತಬೇಕು?" ಎಂದು ಕೇಳಿ, ಮಗುವಿನ ಹಣೆ ಮುಟ್ಟುವ ಹಾಗೆ ಮೆಲ್ಲಗೆ ಒತ್ತಿದ.

ಹಣ ಬಂದಿತೆಂದು ಪರದೆ ಹೇಳಿತು. ಅವನು ಅದನ್ನು ನೋಡಲಿಲ್ಲ.

"ಇಂಥ ಕೈ ಇನ್ನೂ ಎಷ್ಟಿವೆಯೋ ಮಗಳೇ" ಎಂದ. "ಕುಲುಮೆಗೆ ಇದ್ದಿಲು ಹಾಕು. ಎಡಗೈದು ಇನ್ನೊಂದಷ್ಟು ಬಡೀಬೇಕು."