ಒಂದು ಬೆರಳಿನ ಮಾತು

ಬೇಲೂರಿನಲ್ಲಿ ಮುರಳೀಕೃಷ್ಣನ ಮನೆಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದುದು ಒಂದೇ: "ಇದು ಇನ್ನೂ ನಡೆಯುತ್ತಾ?" ನಡುಮನೆಯಲ್ಲಿ, ಅವನ ಹೆಂಡತಿ ವೇದವಲ್ಲಿಯ ಗಾಲಿಕುರ್ಚಿಯ ಎದುರಿಗೆ, ಪೆಟ್ಟಿಗೆಯಷ್ಟು ದಪ್ಪ ಮಾನಿಟರಿನ ಹಳೆಯ ಕಂಪ್ಯೂಟರ್ ಇತ್ತು. ಅದರ ಪ್ಲಾಸ್ಟಿಕ್ ಹಳದಿಗಟ್ಟಿತ್ತು. ಆದರೂ ನಡೆಯುತ್ತಿತ್ತು. ಅದು ನಡೆದರೆ ಮಾತ್ರ ವೇದವಲ್ಲಿ ಮಾತಾಡಲು ಸಾಧ್ಯವಿತ್ತು.

ಮುರಳೀಕೃಷ್ಣ ಒಂದು ಕಾಲಕ್ಕೆ ಅರಸೀಕೆರೆಯಲ್ಲಿ, ರೈಲ್ವೆ ಸ್ಟೇಷನ್ನಿನ ಹತ್ತಿರ, ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದ. ತೊಂಬತ್ತರ ದಶಕದ ಕೊನೆ. ಗಂಡಸಿ, ಬಾಣಾವರದ ಕಡೆಯಿಂದ ಬಸ್ಸಿನಲ್ಲಿ ಬಂದ ಹುಡುಗ ಹುಡುಗಿಯರು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ದೇವರ ಮನೆಗೆ ಬಂದಂತೆ ಒಳಗೆ ಬರುತ್ತಿದ್ದರು. ಫ್ಲಾಪಿ ಮುಟ್ಟುವುದಕ್ಕೂ ಅವರಿಗೆ ಭಯ. ಆಗ ಆ ಯಂತ್ರಗಳಲ್ಲಿ ಕನ್ನಡ ಸುಲಭಕ್ಕೆ ಮೂಡುತ್ತಿರಲಿಲ್ಲ. ಮುರಳೀಕೃಷ್ಣ ಚುಕ್ಕಿಗೆ ಚುಕ್ಕಿ ಸೇರಿಸಿ ತಾನೇ ಅಕ್ಷರಗಳನ್ನು ಮಾಡಿ, ಕನ್ನಡ ಬರೆಯುವ ಒಂದು ಪುಟ್ಟ ಪ್ರೋಗ್ರಾಂ ಸಿದ್ಧಪಡಿಸಿದ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ವೇದವಲ್ಲಿ ಅದನ್ನು ನೋಡಿ, "ನಿಮ್ಮ ಳಕಾರ ಜಿಲೇಬಿ ಥರ ಇದೆ ಕಣ್ರೀ" ಎಂದು ನಕ್ಕಿದ್ದಳು.

ಮನೆಮನೆಗೂ ಕಂಪ್ಯೂಟರ್, ಕೈಕೈಗೂ ಮೊಬೈಲ್ ಬಂದ ಮೇಲೆ ಕೇಂದ್ರ ಮುಚ್ಚಿತು. ಯಂತ್ರಗಳನ್ನು ಅವನು ಗುಜರಿಗೆ ಹಾಕಲಿಲ್ಲ. ಒಂದನ್ನು ಹಳೇಬೀಡಿನ ಶಾಲೆಗೆ ಕೊಟ್ಟ, ಇನ್ನೊಂದನ್ನು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ತಮ್ಮಯ್ಯನಿಗೆ. ಒಂದನ್ನು ಮನೆಗೆ ತಂದ. ಎಷ್ಟೋ ವರ್ಷ, ಅವು ಕೆಟ್ಟಾಗಲೆಲ್ಲ ತಾನೇ ಹೋಗಿ ರಿಪೇರಿ ಮಾಡಿ ಬರುತ್ತಿದ್ದ. ಇನ್ನು ಆಗದು ಎಂದು ಒಂದು ಯಂತ್ರವನ್ನು ಕೈಬಿಡುವುದು ಅವನ ಮಟ್ಟಿಗೆ ಸೋಲಾಗಿತ್ತು.

ವೇದವಲ್ಲಿಗೆ ನರಗಳ ಕಾಯಿಲೆ ಬಂದದ್ದು ನಿವೃತ್ತಿಯ ಹೊಸ್ತಿಲಲ್ಲಿ. ಮೊದಲು ಕಾಲು ಹೋಯಿತು, ಆಮೇಲೆ ಕೈ, ಆಮೇಲೆ ನಾಲಿಗೆ. ಔಷಧವಿಲ್ಲ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಕೊನೆಗೆ ಬಲಗೈಯ ತೋರುಬೆರಳು ಮಾತ್ರ ಉಳಿಯಿತು. ಮುರಳೀಕೃಷ್ಣ ತನ್ನ ಹಳೆಯ ಪ್ರೋಗ್ರಾಮನ್ನು ತಿದ್ದಿದ. ಪರದೆಯ ಮೇಲೆ ವರ್ಣಮಾಲೆಯ ಸಾಲುಗಳು ಒಂದೊಂದಾಗಿ ಬೆಳಗುತ್ತಿದ್ದವು. ಬೇಕಾದ ಸಾಲು, ಬೇಕಾದ ಅಕ್ಷರ ಬಂದಾಗ ಅವಳು ಬೆರಳ ಕೆಳಗಿನ ಮೌಸ್ ಒತ್ತಿದರೆ ಸಾಕಿತ್ತು. ಅವಳು ಮೊದಲು ಬರೆದದ್ದು, "ಸಾರಿಗೆ ಉಪ್ಪು ಜಾಸ್ತಿ". ಅದನ್ನು ಓದಿ ಮುರಳೀಕೃಷ್ಣ ಅಡುಗೆಮನೆಗೆ ಹೋಗಿ ಅತ್ತ. ಆಮೇಲೆ ದಿನವೂ ಬೈಗುಳ, ತಮಾಷೆ, ಮಗಳು ಹಿತಾ ಪಾಠ ಮಾಡಲು ಕಾಲೇಜಿಗೆ ಹೊರಟಾಗ "ಕೊಡೆ ತಗೋ".

ಆಷಾಢದಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಕಂಪ್ಯೂಟರ್ ಮತ್ತೆ ಏಳಲಿಲ್ಲ. ಮದರ್‌ಬೋರ್ಡ್ ಸುಟ್ಟಿತ್ತು.

"ಅಪ್ಪಾ, ನನ್ನ ಲ್ಯಾಪ್‌ಟಾಪಲ್ಲಿ ಬೇರೆ ಏನಾದ್ರೂ ಹಾಕಿ ನೋಡೋಣ," ಎಂದಳು ಹಿತಾ.

"ಅವಳ ಬೆರಳಿಗೆ ಇದೇ ಅಭ್ಯಾಸ ಆಗಿದೆ. ಹೊಸದು ಕಲಿಯೋ ತ್ರಾಣ ಅವಳಿಗೆ ಎಲ್ಲಿದೆ ಹೇಳು? ಎರಡು ದಿನ ತಡಿ, ಎಬ್ಬಿಸ್ತೀನಿ."

ಅವನು ಹಳೇಬೀಡಿಗೆ ಹೋದ. ಶಾಲೆಯ ಉಗ್ರಾಣದಲ್ಲಿದ್ದ ಯಂತ್ರದೊಳಗೆ ಇಲಿ ಮರಿ ಹಾಕಿತ್ತು. ಬೋರ್ಡು ತುಕ್ಕು ಹಿಡಿದಿತ್ತು. ಹಾಸನದ ರಿಪೇರಿ ಅಂಗಡಿಗಳಲ್ಲಿ ಹುಡುಗರು ಅವನ ಕೈಲಿದ್ದ ಬೋರ್ಡನ್ನು ತಿರುಗಿಸಿ ನೋಡಿ ವಾಪಸು ಕೊಟ್ಟರು. ಮನೆಯಲ್ಲಿ ಹೆಂಡತಿಗೆ ಬೆನ್ನು ಮಾಡಿ ಕೂತು, ಉಬ್ಬಿದ ಬಿಡಿಭಾಗಗಳನ್ನು ಕಿತ್ತು ಬೆಸುಗೆ ಹಾಕಿದ. ಹಿತಾ ಅಮ್ಮನ ಬೆರಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, "ಹೌದು ಅಂದ್ರೆ ಒತ್ತಮ್ಮ" ಎನ್ನುತ್ತಿದ್ದಳು. "ಅಪ್ಪಾ, ಇವತ್ತು ಒತ್ತಿದ್ದು ಗೊತ್ತೇ ಆಗ್ಲಿಲ್ಲ," ಎಂದು ಒಂದು ಸಂಜೆ ಹೇಳಿದಳು. "ಸುಸ್ತಾಗಿರಬೇಕು," ಎಂದ ಮುರಳೀಕೃಷ್ಣ, ತಲೆಯೆತ್ತದೆ.

ಶ್ರಾವಣ ಹುಟ್ಟಿತು. ಕೊನೆಗೆ ಅವನು ಅರಸೀಕೆರೆಯ ಬಸ್ಸು ಹತ್ತಿದ. ತಮ್ಮಯ್ಯನ ಮಂಡಿಯಲ್ಲಿ ಕೊಬ್ಬರಿ ಚೀಲಗಳ ಹಿಂದೆ ಯಂತ್ರ ಇನ್ನೂ ಇತ್ತು.

"ಅದ್ರ ಮ್ಯಾಲೆ ಗಣೇಶನ ಫೋಟೋ ಮಡಗಿವ್ನಿ ಸಾ," ಎಂದ ತಮ್ಮಯ್ಯ. "ನೀವು ಕೊಟ್ಟಿದ್ದು ಅಂತ ಬಿಸಾಕಕ್ಕೆ ಮನಸ್ಸು ಬರ್ಲಿಲ್ಲ. ಎತ್ಕೊಂಡೋಗಿ. ಅಮ್ಮಾವ್ರು ಎಂಗವ್ರೆ?"

"ಇದು ಎದ್ದರೆ ಅವಳೇ ಹೇಳ್ತಾಳೆ ತಮ್ಮಯ್ಯ."

ತಮ್ಮಯ್ಯ ಗೋಣಿಯಲ್ಲಿ ಸುತ್ತಿ, ತಾನೇ ಹೊತ್ತು ತಂದು ಬಸ್ಸಿನಲ್ಲಿಟ್ಟ. ದಾರಿಯುದ್ದಕ್ಕೂ ಮುರಳೀಕೃಷ್ಣ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ.

ಮರುದಿನ ಬೆಳಿಗ್ಗೆ, ಅದರ ಬೋರ್ಡು ಕೂರಿಸಿದ ಮೇಲೆ, ಮನೆಯ ಯಂತ್ರ ಎದ್ದಿತು. ಕಪ್ಪು ಪರದೆಯ ಮೇಲೆ ಅವನು ಮಾಡಿದ ಹಸಿರು ಅಕ್ಷರಗಳು ಸಾಲಾಗಿ ಮೂಡಿದವು. "ಬಂತು! ವೇದಾ, ಬಂತು ನೋಡೇ!" ಎಂದು ಕೂಗಿ ಮೌಸನ್ನು ತಂದು ಅವಳ ಬೆರಳ ಕೆಳಗಿಟ್ಟ.

ಅ ಸಾಲು ಬೆಳಗಿ ಆರಿತು. ಕ ಸಾಲು, ಚ ಸಾಲು. ಎಲ್ಲ ಮುಗಿದು ಮತ್ತೆ ಅ ಸಾಲು. ವೇದವಲ್ಲಿ ಪರದೆಯನ್ನು ನೋಡುತ್ತಿದ್ದಳು. ಅವಳ ಹುಬ್ಬು ಬಿಗಿಯಿತು, ಕತ್ತಿನ ನರ ಉಬ್ಬಿತು. ಬೆರಳು ಮಾತ್ರ ಅಲುಗಲಿಲ್ಲ. ಅವನು ಮೌಸನ್ನು ಆಚೀಚೆ ಸರಿಸಿದ, ಬೇರೆ ಮೌಸ್ ತಂದ, ಸಾಲುಗಳು ನಿಧಾನವಾಗಿ ಬರುವಂತೆ ಮಾಡಿದ. ಕೊನೆಗೆ ಅವಳ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದ. ಪರದೆಯ ಮೇಲೆ ಒಂದು ಅಕ್ಷರ ಬಿತ್ತು. ಅದು ಅವಳದ್ದಾಗಿರಲಿಲ್ಲ.

"ಬಿಡಿ ಅಪ್ಪಾ," ಎಂದಳು ಹಿತಾ. "ಯಂತ್ರದಲ್ಲಿ ಏನೂ ತಪ್ಪಿಲ್ಲ."

ಅವನು ನೆಲದ ಮೇಲೆ ಕುಸಿದು ಕೂತ. ಈ ಬೆರಳಿನಲ್ಲಿ ಜೀವವಿದ್ದ ಕಡೆಯ ದಿನಗಳನ್ನೆಲ್ಲ ತಾನು ಬೋರ್ಡಿನ ಮುಂದೆ ಕೂತು ಕಳೆದಿದ್ದೆ ಎಂಬುದು ಅವನಿಗೆ ಆಗ ಹೊಳೆಯಿತು. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಹಿತಾ ರಟ್ಟಿನ ಮೇಲೆ ವರ್ಣಮಾಲೆ ಬರೆದು ತಂದಳು. "ಅಮ್ಮಾ, ನಾನು ಬೆರಳಿಡ್ತಾ ಹೋಗ್ತೀನಿ. ಬೇಕಾದ್ದು ಬಂದಾಗ ಕಣ್ಣು ಮೇಲೆತ್ತು."

ಪ ಸಾಲಿಗೆ ಕಣ್ಣು ಮೇಲೆ ಹೋಯಿತು. ಪ, ಫ, ಬ. ಮತ್ತೆ ಮೇಲೆ ಹೋಯಿತು. ಸ್ವರಗಳಲ್ಲಿ 'ಏ'ಗೆ ಬಂದಾಗ ಇನ್ನೊಮ್ಮೆ. ಬೇ. ಅಷ್ಟರಲ್ಲಿ ಅವಳ ಉಸಿರು ಏದುಸಿರಾಯಿತು, ರೆಪ್ಪೆಗಳು ಮುಚ್ಚಿಕೊಂಡವು.

"ಬೇಕು ಅಂತಾನಾ ಅಮ್ಮಾ? ಏನು ಬೇಕು? ಬೇಡ ಅಂತಾನಾ?"

ಕಣ್ಣು ತೆರೆಯಲಿಲ್ಲ. ಆ ಸಂಜೆ ಜ್ವರ ಬಂತು. ಹಾಸನದ ಆಸ್ಪತ್ರೆಯಲ್ಲಿ ಮುರಳೀಕೃಷ್ಣ ರಟ್ಟು ಹಿಡಿದು ಹಾಸಿಗೆಯ ಪಕ್ಕವೇ ಕೂತ. ಅವಳಿಗೆ ಎಚ್ಚರವಾದಾಗಲೆಲ್ಲ ಪ ಸಾಲಿನಿಂದಲೇ ಶುರು ಮಾಡುತ್ತಿದ್ದ. ಅವಳು ನೋಡುತ್ತಿದ್ದಳು, ಅವನ ಮುಖವನ್ನೇ ನೋಡುತ್ತಿದ್ದಳು; ಕಣ್ಣು ಮಾತ್ರ ಮೇಲೇಳುತ್ತಿರಲಿಲ್ಲ. ಗೌರಿಹಬ್ಬಕ್ಕೆ ಮುಂಚೆ ಹೋಗಿಬಿಟ್ಟಳು.

ಅಮ್ಮ 'ಬೇಸರ' ಎಂದು ಹೇಳಹೊರಟಿದ್ದಳು ಎಂದು ಹಿತಾ ಇವತ್ತಿಗೂ ನಂಬಿದ್ದಾಳೆ. ನಿಮಗೇನನ್ನಿಸುತ್ತೆ ಎಂದು ಅವಳು ಒಮ್ಮೆ ಅಪ್ಪನನ್ನು ಕೇಳಿದಳು. ಮುರಳೀಕೃಷ್ಣ ಆ ರಟ್ಟನ್ನು ತೆಗೆದು ಪ ಸಾಲಿನ ಮೇಲೆ ಬೆರಳಿಟ್ಟ.