ಹನ್ನೊಂದನೆಯ ಚಿತ್ರ

ಎರಡನೇ ತರಗತಿಯ ಗೋಡೆಯ ಮೇಲೆ ಒಂದು ಹಳೆಯ ಚಿತ್ರಪಟವಿತ್ತು. ಒಟ್ಟು ಇಪ್ಪತ್ತಾರು ಚಿತ್ರ, ಸಾಲಿಗೆ ಐದರಂತೆ. ಕೊನೆಯ ಜೀಬ್ರಾ ಮಾತ್ರ ಹಿಂಡು ತಪ್ಪಿದ ಕರುವಿನ ಹಾಗೆ ಕೆಳಗೆ ಒಂಟಿಯಾಗಿ ನಿಂತಿತ್ತು. ಇಂಗ್ಲಿಷ್ ಮೇಷ್ಟ್ರು ಹದಿನೆಂಟು ವರ್ಷದಿಂದ ಈ ಪಟವನ್ನೇ ನಂಬಿಕೊಂಡಿದ್ದರು. ಕೋಲು ಮೊದಲ ಚಿತ್ರದ ಮೇಲೆ ಬಿದ್ದರೆ ಸಾಕು, ಮೂವತ್ತು ಗಂಟಲು ಒಟ್ಟಿಗೆ "ಆ್ಯಪಲ್!" ಎನ್ನುತ್ತಿದ್ದವು. ಅಲ್ಲಿಂದ ಕೋಲು ಒಂದೊಂದಾಗಿ ಮುಂದೆ ಹೋಗುತ್ತಿತ್ತು. ಅದು ಎಂದೂ ಹಿಂದಕ್ಕೆ ಬಂದದ್ದಿಲ್ಲ, ಒಂದು ಚಿತ್ರವನ್ನೂ ಹಾರಿದ್ದಿಲ್ಲ.

ಬೀದಿಯಲ್ಲಿ ಹೋಗುವವರು ಕಿಟಕಿಯ ಹತ್ತಿರ ನಿಂತು, "ನಮ್ಮ ಮಕ್ಕಳು ಇಂಗ್ಲಿಷನ್ನ ನೀರು ಕುಡಿದ ಹಾಗೆ ಕುಡೀತವೆ ನೋಡಿ" ಎಂದು ತಲೆದೂಗುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಮೇಷ್ಟ್ರ ಕೋಲು ಇನ್ನಷ್ಟು ಜೋರಾಗಿ ಬಡಿಯುತ್ತಿತ್ತು. ಅವರ ಇಂಗ್ಲಿಷೂ ಜೀಬ್ರಾದ ಆಚೆಗೆ ಹೆಚ್ಚು ದೂರ ಹೋಗುತ್ತಿರಲಿಲ್ಲ. ಅದು ಅವರಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿಲ್ಲವೆಂದು ನಂಬಿದ್ದರು.

ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ಮೇಡಂ ಮಕ್ಕಳ ಕೂಗನ್ನು ಜೀಬ್ರಾದವರೆಗೂ ನಗುತ್ತಲೇ ಕೇಳಿದರು. ಆಮೇಲೆ ಕೈಚೀಲದಿಂದ ತಮ್ಮ ಸ್ಕೂಟರಿನ ಬೀಗದಕೈ ತೆಗೆದು ಎತ್ತಿ ಹಿಡಿದರು.

"ಇದಕ್ಕೆ ಇಂಗ್ಲಿಷಲ್ಲಿ ಏನಂತಾರೆ?"

ತರಗತಿಗೆ ತರಗತಿಯೇ ಬಾಯಿಗೆ ಬೀಗ ಹಾಕಿಕೊಂಡಿತು.

ಆಗ ಮುಂದಿನ ಸಾಲಿನಿಂದ ಗುಬ್ಬಿ ಎದ್ದಳು. ಗಾರೆ ಕೆಲಸದವನ ಮಗಳು. ಇದ್ದದ್ದು ಅಷ್ಟೇ ಗಾತ್ರವಾದ್ದರಿಂದ ಊರೆಲ್ಲ ಹಾಗೇ ಕರೆಯುತ್ತಿತ್ತು. ಅವಳು ಮೇಡಂ ಕೈಯನ್ನು ನೋಡಿದಳು, ಪಟವನ್ನು ನೋಡಿದಳು. ಅಂಥದೇ ಚಿತ್ರ ಮೂರನೇ ಸಾಲಿನ ಮೊದಲಲ್ಲಿ ಕಂಡಿತು. ಬೆರಳೆತ್ತಿ, ತುಟಿಯಲ್ಲೇ ಆ್ಯಪಲ್‌ನಿಂದ ಹೊರಟು, ಒಂದೊಂದು ಚಿತ್ರಕ್ಕೂ ಬೆರಳು ಸರಿಸುತ್ತ ಹನ್ನೊಂದನೆಯದಕ್ಕೆ ಬಂದು ನಿಂತಳು.

"ಕೀ!"

"ಸರಿ. ಆದರೆ ಮೊದಲಿಂದ ಯಾಕೆ ಶುರು ಮಾಡಿದೆ ಪುಟ್ಟಿ?"

"ಹಾಗೆ ಹೋದ್ರೇನೇ ಸಿಗೋದು, ಮೇಡಂ."

ಮಕ್ಕಳು ಘೊಳ್ಳೆಂದು ನಕ್ಕವು. ಮೇಡಂ ನಗಲಿಲ್ಲ. ಪಟವನ್ನೂ ಕೋಲನ್ನೂ ನೋಡಿ, ಕೊನೆಗೆ ಮೇಷ್ಟ್ರ ಮುಖ ನೋಡಿದರು. ಇನ್ನೊಂದು ಗಳಿಗೆ ಬಿಟ್ಟಿದ್ದರೆ, ನೀವು ಕಲಿಸೋದೇ ಹೀಗಾ ಎಂದು ಕೇಳಿಯೇಬಿಡುತ್ತಿದ್ದರು.

"ಅವಳು ಸ್ವಲ್ಪ ಮಂದ, ಮೇಡಂ," ಎಂದರು ಮೇಷ್ಟ್ರು.

ಗುಬ್ಬಿಯ ಬೆರಳು ಇನ್ನೂ ಮೇಲಕ್ಕೇ ಇತ್ತು. ಮೆಲ್ಲಗೆ ಇಳಿಸಿ ಕುಳಿತಳು. ಮೇಡಂ ವರದಿಯಲ್ಲಿ ಬರೆದರು: ಈ ಮಗುವನ್ನು ಮತ್ತೆ ಒಂದನೇ ತರಗತಿಗೆ ಇಳಿಸಿ ಇನ್ನೊಂದು ವರ್ಷ ಕೂರಿಸುವುದು.

ಮರುದಿನ ಬೆಳಿಗ್ಗೆ ಗಾರೆಯವನು ಶಾಲೆಯ ಮೆಟ್ಟಿಲ ಮೇಲೆ ಕುಳಿತಿದ್ದ. ಮೇಷ್ಟ್ರನ್ನು ಕಂಡು ದಡಬಡಿಸಿ ಎದ್ದ. ಉಗುರಿನ ಸಂದಿಯಲ್ಲೆಲ್ಲ ಸಿಮೆಂಟು ಬೆಳ್ಳಗೆ ಒಣಗಿತ್ತು.

"ಮಗಳಿಂದ ನಿಮಗೆ ಮಾತು ಬಂತಂತೆ ಮೇಷ್ಟ್ರೇ. ಬೇಜಾರು ಮಾಡ್ಕೋಬೇಡಿ."

"ಅಯ್ಯೋ, ಹಾಗೇನಿಲ್ಲ..."

"ಪಾತ್ರೆ ತೊಳೀವಾಗ್ಲೂ ನಿಮ್ಮ ಪಾಠಾನೇ ಹಾಡ್ತಿದ್ಲು. ನಾವು ಬಲು ಚುರುಕು ಅಂದ್ಕೊಂಡಿದ್ವಿ. ನನ್ನ ತಲೆಯಿಂದ ಬಂದಿರಬೇಕು ಬಿಡಿ. ಇದೂ ಸಿಮೆಂಟೇ. ಒಂದ್ಸಲ ಗಟ್ಟಿಯಾದ್ರೆ ಮುಗೀತು, ಮತ್ತೆ ಏನೂ ಒಳಗೆ ಹೋಗಲ್ಲ." ತನ್ನ ಮಾತಿಗೆ ತಾನೇ ನಕ್ಕ. "ಒಂದನೇ ಕ್ಲಾಸಿಗೆ ನಾನೇ ಬಿಟ್ಟು ಬಂದೆ. ನಿಮಗ್ಯಾಕೆ ಮತ್ತೆ ತೊಂದರೆ ಅಂತ."

ಮೇಷ್ಟ್ರಿಗೆ ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಬೈದಿದ್ದರೆ ತಾಳಿಕೊಳ್ಳಬಹುದಿತ್ತು, ಈ ಮನುಷ್ಯ ತಪ್ಪು ಕಾಣಿಕೆಯ ಹಾಗೆ ತನ್ನ ತಲೆಯನ್ನೇ ತಂದು ಮುಂದಿಟ್ಟಿದ್ದ.

"ಇಲ್ಲೇ ಇರಪ್ಪ. ಈಗ ಬಂದೆ."

ಆಫೀಸಿನಲ್ಲಿ ಹೆಡ್‌ಮೇಡಂ ವರದಿಗೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

"ಆ ಹುಡುಗಿ ಮಂದ ಅಲ್ಲ," ಎಂದರು ಮೇಷ್ಟ್ರು. "ಇಡೀ ಕ್ಲಾಸಲ್ಲಿ ದಾರಿ ಹುಡುಕಿದ್ದು ಅವಳೊಬ್ಬಳೇ. ನಾನು ಕಲಿಸಿರೋದೇ ಹಾಗೆ. ಮಕ್ಕಳಿಗೆ ಮಾತು ಗೊತ್ತಿಲ್ಲ, ಸಾಲು ಗೊತ್ತು."

ಹೆಡ್‌ಮೇಡಂ ಕನ್ನಡಕ ಕೆಳಗಿಳಿಸಿದರು. "ರಿಟೈರಾಗೋಕೆ ಎರಡು ವರ್ಷ ಇದೆ ನಿಮಗೆ. ಸುಮ್ನೆ ಇರಲಾರದೆ ಇರುವೆ ಬಿಟ್ಕೊಂಡ್ರು ಅನ್ನೋ ಹಾಗೆ ಮಾಡ್ಬೇಡಿ. ಒಂದು ವರ್ಷ ಹಿಂದೆ ಉಳಿದ್ರೆ ಯಾವ ಮಗೂಗೂ ಏನೂ ಆಗಲ್ಲ."

"ಅವಳಪ್ಪ ಹೊರಗೆ ಕೂತು ನನ್ನ ಹತ್ರ ಕ್ಷಮೆ ಕೇಳ್ತಿದ್ದಾನೆ, ಮೇಡಂ."

ಆಕೆ ಒಂದು ಹಾಳೆ ತಳ್ಳಿದರು. ಮೇಷ್ಟ್ರು ಬರೆದರು. ನಾಲ್ಕೇ ಸಾಲು, ಪ್ರತಿ ಸಾಲಿಗೂ ಕೈ ಒಮ್ಮೆ ನಿಂತಿತು. "ನಾನು ಮೇಡಂ ಅವರಿಗೆ ಸುಳ್ಳು ಹೇಳಿದೆ" ಎಂಬಲ್ಲಿ 'ಸುಳ್ಳು' ತೆಗೆದು 'ತಪ್ಪು' ಮಾಡಿದರು. ಆಮೇಲೆ ಅದನ್ನೂ ಹೊಡೆದು 'ಸುಳ್ಳು' ಎಂದೇ ಬರೆದರು. ಹೆಡ್‌ಮೇಡಂ ಓದಿ, ವರದಿಯ ಜೊತೆ ಸೇರಿಸಿ ಪಿನ್ನು ಚುಚ್ಚಿದರು.

ಮೆಟ್ಟಿಲ ಹತ್ತಿರ ಬಂದು ಅದನ್ನೇ ಗಾರೆಯವನಿಗೆ ಬಾಯಿ ಬಿಟ್ಟು ಹೇಳುವುದು ಬರೆಯುವುದಕ್ಕಿಂತ ಕಷ್ಟವಾಯಿತು. ಅವನು ಪೂರ್ತಿ ಕೇಳಿದ. ಮುಖದ ನಗು ಮಾಯವಾಯಿತು.

"ಅವಳು ನಿನ್ನೆಯಿಂದ ಹಾಡಿಲ್ಲ, ಮೇಷ್ಟ್ರೇ," ಎಂದ. "ನಾನು ಹೇಳಿದ್ರೆ ನಂಬಲ್ಲ. ದಡ್ಡಿ ಅಂದವರು ನೀವು. ನೀವೇ ಹೋಗಿ ಹೇಳಿ."

ಒಂದನೇ ತರಗತಿಯಲ್ಲಿ ಗುಬ್ಬಿ ಗೋಡೆಗೆ ಒರಗಿ ಕುಳಿತಿದ್ದಳು. ಮೇಷ್ಟ್ರು ಅವಳ ಎದುರು ಮಂಡಿಯೂರಿದರು. ಚಿಳ್ಳೆಪಿಳ್ಳೆಗಳೆಲ್ಲ ಬಾಯಿ ತೆರೆದು ನೋಡಿದವು.

"ನೀನು ಮಂದ ಅಲ್ಲ ಕಣಮ್ಮ. ನಾನು ಸುಳ್ಳು ಹೇಳಿದೆ. ನಿನ್ನೆ ಎಲ್ಲರ ಮುಂದೆ ಹೇಳಿದೆ, ಇವತ್ತು ಎಲ್ಲರ ಮುಂದೆ ತಪ್ಪಾಯ್ತು ಅಂತೀನಿ. ಏಳು, ನಮ್ಮ ಕ್ಲಾಸಿಗೆ ಹೋಗೋಣ."

ಗುಬ್ಬಿ ಏಳಲಿಲ್ಲ. ಏನು ಮಾಡಲೂ ತೋಚದೆ ಮೇಷ್ಟ್ರು ಜೇಬಿನಿಂದ ತಮ್ಮ ಮನೆಯ ಬೀಗದಕೈ ತೆಗೆದು ಅಂಗೈಯಲ್ಲಿಟ್ಟು ಚಾಚಿದರು.

ಅವಳು ಅದನ್ನು ನೋಡಿದಳು. ತಲೆಯೆತ್ತಿ ಗೋಡೆ ನೋಡಿದಳು. ಇಲ್ಲಿ ಪಟವಿರಲಿಲ್ಲ. ಆದರೂ ಬೆರಳು ಮೆಲ್ಲಗೆ ಮೇಲೆದ್ದಿತು, ತುಟಿ ಅಲುಗಿತು. ಆ್ಯಪಲ್. ಬಾಲ್. ಕ್ಯಾಟ್.

ಹೇಳಿಕೊಡಲು ಮೇಷ್ಟ್ರು ಬಾಯಿ ತೆರೆದು ಮುಚ್ಚಿಕೊಂಡರು. ಬರಿಯ ಗೋಡೆಯ ಮೇಲೆ ಅವರ ಕೋಲು ಒಂದೊಂದೇ ಹೆಜ್ಜೆ ಇಡುತ್ತಿರುವುದು ಅವರಿಗೆ ಸ್ಪಷ್ಟವಾಗಿ ಕಾಣಿಸುತ್ತಿತ್ತು. ಮಂಡಿ ನೋಯುತ್ತಿತ್ತು. ಚಾಚಿದ ಕೈ ಹಾಗೇ ಹಿಡಿದು, ತಲೆ ತಗ್ಗಿಸಿಕೊಂಡು, ಅವಳು ಹನ್ನೊಂದನೆಯದಕ್ಕೆ ಬರುವವರೆಗೂ ಕಾದರು.